ಮೂರು ಲೈಫ್, ಎಂಟು ಹಂತ: ‘ಕಾಂಟ್ರಾ’ ಯಾಕೆ ಅಷ್ಟು ಕಷ್ಟವಾಗಿತ್ತು?

ಒಂದೇ ಗುಂಡು ತಾಗಿದರೆ ಸಾಕು, ಕಥೆ ಮುಗಿಯಿತು. ಬರಿಮೈಯಲ್ಲಿ ಬಂದೂಕು ಹಿಡಿದು ಕಾಡಿನೊಳಗೆ ಓಡುವ ಆ ಸಿಪಾಯಿ ಹಿಂದಕ್ಕೆ ಎಗರಿ ಅಂಗಾತ ಬೀಳುತ್ತಾನೆ. ಈಗಿನ ಆಟಗಳ ಹಾಗೆ ತಲೆಯ ಮೇಲೆ ಹಸಿರು ಪಟ್ಟಿ ಇಲ್ಲ. ದಾರಿಯಲ್ಲಿ ಔಷಧದ ಡಬ್ಬಿ ಸಿಗುವುದಿಲ್ಲ. ಶತ್ರುವಿನ ಮೈ ಸೋಕಿದರೂ ಸಾವೇ. ಕೈಯಲ್ಲಿರುವುದು ಮೂರೇ ಲೈಫ್, ದಾಟಬೇಕಾದದ್ದು ಎಂಟು ಹಂತ.

1990ರ ದಶಕದಲ್ಲೋ 2000ದ ಆಸುಪಾಸಿನಲ್ಲೋ ಟಿವಿಗೆ ಜೋಡಿಸುವ ವಿಡಿಯೊ ಗೇಮ್ ಆಡಿದವರಿಗೆ ಇದರ ಹೆಸರು ಹೇಳಬೇಕಿಲ್ಲ. ಅದು ‘ಕಾಂಟ್ರಾ’. ಆಡಿದವರಲ್ಲಿ ಬಹಳ ಮಂದಿ ಮೂರನೆಯ ಹಂತದ ಜಲಪಾತದಲ್ಲೇ ಬಿದ್ದು ಸತ್ತವರು. ಆದರೂ ಮತ್ತೆ ಮತ್ತೆ ಅದನ್ನೇ ಹಾಕುತ್ತಿದ್ದರು.

ಇಷ್ಟು ಕಷ್ಟದ ಆಟವನ್ನು ಯಾರು, ಯಾಕೆ ಮಾಡಿದರು? ಅದು ಬರೀ ಆಟ ಮಾಡಿದವರ ಹಟವೇ? ಉತ್ತರ ಹುಡುಕುತ್ತ ಹೋದರೆ ಸಿಗುವುದು ಒಂದು ನಾಣ್ಯದ ಕಥೆ.

ನಾಣ್ಯದ ಲೆಕ್ಕ

ನಮ್ಮ ಜಾತ್ರೆಯ ತೊಟ್ಟಿಲನ್ನು ನೆನಪಿಸಿಕೊಳ್ಳಿ. ಟಿಕೆಟ್ ಕೊಂಡವರಿಗೆ ಎಷ್ಟು ಸುತ್ತು ಎಂದು ತೀರ್ಮಾನಿಸುವವನು ತೊಟ್ಟಿಲಿನ ಯಜಮಾನ. ಸಾಲಿನಲ್ಲಿ ಜನ ಹೆಚ್ಚಿದ್ದರೆ ಸುತ್ತು ಕಡಿಮೆ. ಕೈಸನ್ನೆ ಮಾಡಿದರೆ ತೊಟ್ಟಿಲು ನಿಲ್ಲುತ್ತದೆ.

ಆರ್ಕೇಡ್ ಯಂತ್ರಕ್ಕೆ ಅಂಥ ಯಜಮಾನ ಇಲ್ಲ. ಆರ್ಕೇಡ್ ಎಂದರೆ ಮನುಷ್ಯನ ಎತ್ತರದ ಪೆಟ್ಟಿಗೆ. ಅದರಲ್ಲೊಂದು ಪರದೆ, ಹಿಡಿಕೆ, ಒಂದೆರಡು ಗುಂಡಿ, ನಾಣ್ಯ ಹಾಕುವ ಸೀಳು. ಜಪಾನಿನಲ್ಲಿ 100 ಯೆನ್ ನಾಣ್ಯ, ಅಮೆರಿಕದಲ್ಲಿ 25 ಸೆಂಟ್ಸ್ ನಾಣ್ಯ. ಹಾಕಿದವನು ಸೋಲುವ ತನಕ ಆಡಬಹುದು. ಒಂದೇ ನಾಣ್ಯಕ್ಕೆ ಒಬ್ಬ ಹುಡುಗ ಇಡೀ ಮಧ್ಯಾಹ್ನ ಆಡಿದರೆ ಪೆಟ್ಟಿಗೆ ಇಟ್ಟವನಿಗೆ ಬಾಡಿಗೆಯೂ ಗಿಟ್ಟುವುದಿಲ್ಲ. ಆದ್ದರಿಂದ ಆಡುವವನನ್ನು ಇಳಿಸುವ ಕೆಲಸವನ್ನು ಆಟವೇ ಮಾಡಬೇಕು. ಆರ್ಕೇಡ್ ಆಟ ಕಷ್ಟವಾಗಿರಲು ಮೊದಲ ಕಾರಣ ಇದೇ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ತೀರಾ ಮೋಸದಿಂದ ಕೊಂದರೆ ಹುಡುಗ ಬೈದುಕೊಂಡು ಎದ್ದು ಹೋಗುತ್ತಾನೆ. ‘ಛೆ, ತಪ್ಪು ನನ್ನದೇ, ಇನ್ನೊಂದು ಸಲ ಆಡಿದರೆ ದಾಟುತ್ತೇನೆ’ ಎಂದು ಅವನಿಗೆ ಅನ್ನಿಸಬೇಕು. ಆಗಷ್ಟೇ ಎರಡನೆಯ ನಾಣ್ಯ ಜೇಬಿನಿಂದ ಹೊರಬರುತ್ತದೆ. ಸೋಲಿಸಬೇಕು, ಆದರೆ ನ್ಯಾಯವಾಗಿ ಸೋಲಿಸಬೇಕು. ಆ ಕಾಲದ ಒಳ್ಳೆಯ ಆಟಗಳೆಲ್ಲ ಈ ಹದದ ಮೇಲೆ ನಿಂತವು.

1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ಟೊಮೊಹಿರೊ ನಿಶಿಕಾಡೊ ಮಾಡಿದ ‘ಸ್ಪೇಸ್ ಇನ್‌ವೇಡರ್ಸ್’ ಇದಕ್ಕೆ ದಾರಿ ಹಾಕಿತು. ಅದರಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ. ಅದು ಮೊದಲೇ ಯೋಚಿಸಿ ಮಾಡಿದ್ದಲ್ಲ. ಚಿತ್ರಿಸಬೇಕಾದ ಶತ್ರುಗಳು ಕಡಿಮೆಯಾದಂತೆ ಯಂತ್ರದ ಹೊರೆ ಇಳಿದು ಆಟ ತಾನಾಗಿ ಚುರುಕಾಯಿತು. ನಿಶಿಕಾಡೊ ಅದನ್ನು ತಿದ್ದದೆ ಹಾಗೇ ಉಳಿಸಿಕೊಂಡರು. ಗೆಲುವು ಹತ್ತಿರ ಬಂದಂತೆ ಎದೆಬಡಿತ ಏರುವ ಆಟ ಹುಟ್ಟಿದ್ದು ಹೀಗೆ.

1985ರ ಹೊತ್ತಿಗೆ ಆಕಾಶದ ಯುದ್ಧ ನೆಲಕ್ಕಿಳಿದಿತ್ತು. ಕ್ಯಾಪ್‌ಕಾಮ್ ಕಂಪನಿಯ ‘ಕಮಾಂಡೊ’, ಕೊನಾಮಿಯ ‘ಗ್ರೀನ್ ಬೆರೆ’ ಎರಡೂ ಅದೇ ವರ್ಷದವು. ಒಬ್ಬನೇ ಸಿಪಾಯಿ, ಎದುರಿಗೆ ಇಡೀ ಸೈನ್ಯ. ನಿಂತರೆ ಸಾವು, ಓಡುತ್ತಲೇ ಹೊಡೆಯಬೇಕು. ಇಂಥ ಆಟಗಳಿಗೆ ಇಂಗ್ಲಿಷಿನಲ್ಲಿ ‘ರನ್ ಆ್ಯಂಡ್ ಗನ್’ ಎಂಬ ಹೆಸರು ಬಿತ್ತು. ನಮ್ಮ ಮಾತಿನಲ್ಲಿ ‘ಓಡು-ಹೊಡಿ’ ಆಟ.

ಕಾಂಟ್ರಾ ಎಂಬ ಹೆಸರು

ಕೊನಾಮಿ ಕಂಪನಿಯನ್ನು ಕಾಗೆಮಾಸಾ ಕೊಜುಕಿ 1969ರಲ್ಲಿ ಜಪಾನಿನ ಒಸಾಕಾ ಸೀಮೆಯಲ್ಲಿ ಶುರು ಮಾಡಿದಾಗ ಅದರ ಕಸುಬು ಬೇರೆಯೇ ಇತ್ತು. ನಾಣ್ಯ ಹಾಕಿದರೆ ಹಾಡು ಬರುವ ಜೂಕ್‌ಬಾಕ್ಸ್ ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುವುದು, ರಿಪೇರಿ ಮಾಡುವುದು. ಅಂದರೆ ನಾಣ್ಯದ ಪೆಟ್ಟಿಗೆಯ ವ್ಯವಹಾರ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

1987ರ ಫೆಬ್ರವರಿಯಲ್ಲಿ ಇದೇ ಕೊನಾಮಿ ‘ಕಾಂಟ್ರಾ’ವನ್ನು ಜಪಾನಿನ ಆರ್ಕೇಡ್‌ಗಳಿಗೆ ತಂದಿತು. ಎತ್ತರಕ್ಕೆ ನಿಲ್ಲಿಸಿದ ಪರದೆ, ಒಂದು ಹಿಡಿಕೆ, ಗುಂಡು ಹಾರಿಸಲು ಒಂದು ಗುಂಡಿ, ಜಿಗಿಯಲು ಒಂದು. ಎಂಟು ದಿಕ್ಕಿಗೆ ಗುರಿ ಇಡಬಹುದು. ಇಬ್ಬರು ಒಟ್ಟಿಗೆ ಆಡಬಹುದು.

ಹೆಸರಿನ ಕಥೆ ಕೇಳಿ. ಜಪಾನಿನಲ್ಲಿ ಅದನ್ನು ಮೂರು ಚಿತ್ರಾಕ್ಷರಗಳಲ್ಲಿ ಬರೆದರು. ಅವನ್ನು ಆರಿಸಿದ್ದು ‘ಕೊನ್-ತೊ-ರ’ ಎಂಬ ಉಚ್ಚಾರಕ್ಕಾಗಿ. ಮೊದಲ ಅಕ್ಷರದ ಅರ್ಥ ಆತ್ಮ. ಗೆರಿಲ್ಲಾ ಯುದ್ಧದಲ್ಲಿ ಪಳಗಿದ ವೀರನಿಗೆ ಕೊಡುವ ಬಿರುದು ಇದು ಎಂಬುದು ಆಟ ಕೊಡುವ ವಿವರಣೆ.

ಆದರೆ ಆ ದಿನಗಳ ಪತ್ರಿಕೆಗಳಲ್ಲಿ ‘ಕಾಂಟ್ರಾ’ ಎಂದರೆ ಬೇರೆ ಅರ್ಥವಿತ್ತು. ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ ಸ್ಯಾಂಡಿನಿಸ್ಟಾ ಎಂಬ ಎಡಪಂಥೀಯರ ಸರ್ಕಾರವಿತ್ತು. ಅದರ ವಿರುದ್ಧ ಬಂದೂಕು ಹಿಡಿದ ಬಂಡುಕೋರರಿಗೆ ಕಾಂಟ್ರಾಗಳು ಎಂದು ಹೆಸರು. ಅವರ ಬೆನ್ನಿಗೆ ಅಮೆರಿಕ ಇತ್ತು. ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಆಡಳಿತದ ಮಂದಿ ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿ, ಬಂದ ಹಣದ ಒಂದು ಪಾಲನ್ನು ಈ ಬಂಡುಕೋರರಿಗೆ ಕಳಿಸಿದ ಹಗರಣ ಬಯಲಾದದ್ದು 1986ರ ನವೆಂಬರಿನಲ್ಲಿ. ಮೂರು ತಿಂಗಳಲ್ಲಿ ಆಟ ಬಂತು. ಅದರ ಕೊನೆಯ ಸಂಗೀತದ ತುಣುಕಿಗೆ ಇಟ್ಟ ಹೆಸರು ‘ಸ್ಯಾಂಡಿನಿಸ್ಟಾ’. ಜಗತ್ತಿನ ಸುದ್ದಿ ಮಕ್ಕಳ ಆಟದೊಳಗೆ ಹೀಗೂ ನುಸುಳುತ್ತದೆ.

ಆಟದ ಕಥೆ ಮಾತ್ರ ನಿಕರಾಗುವಾದ್ದಲ್ಲ. ಜಪಾನಿನ ಕಥೆಯಲ್ಲಿ ಅದು 2633ನೇ ಇಸವಿ, ನ್ಯೂಜಿಲೆಂಡ್ ಹತ್ತಿರದ ಗಲೂಗಾ ಎಂಬ ಕಲ್ಪಿತ ದ್ವೀಪಗಳು, ‘ರೆಡ್ ಫಾಲ್ಕನ್’ ಎಂಬ ದುಷ್ಟಕೂಟ. ನೀಲಿ ಪ್ಯಾಂಟಿನ ಬಿಲ್, ಕೆಂಪು ಪ್ಯಾಂಟಿನ ಲ್ಯಾನ್ಸ್ ಇಬ್ಬರೇ ಅದನ್ನು ಮುಗಿಸಬೇಕು. ಅಮೆರಿಕಕ್ಕೆ ಹೋದಾಗ ಕಥೆ ಈ ಕಾಲಕ್ಕೆ, ದಕ್ಷಿಣ ಅಮೆರಿಕದ ಕಾಡಿಗೆ ಬದಲಾಯಿತು. ಯುರೋಪಿನಲ್ಲಿ ಆರ್ಕೇಡ್ ಆಟದ ಹೆಸರು ‘ಗ್ರೈಜರ್’ ಆಯಿತು. 1990ರಲ್ಲಿ ಅಲ್ಲಿನ ಮನೆಗಳಿಗೆ ಬಂದಾಗ ಮನುಷ್ಯರೇ ಮಾಯ! ಮಕ್ಕಳ ಕೈಗೆ ಸಿಗುವ ಹಿಂಸೆಯ ಬಗ್ಗೆ ಜರ್ಮನಿಯ ನಿಯಮ ಬಿಗಿಯಾಗಿತ್ತು. ಸಿಪಾಯಿಗಳ ಜಾಗದಲ್ಲಿ ರೋಬೊಗಳನ್ನು ಹಾಕಿ, ‘ಪ್ರೊಬೊಟೆಕ್ಟರ್’ ಎಂದು ಹೆಸರಿಟ್ಟು ಮಾರಿದರು.

ಕಥೆ, ಹೆಸರು, ವೇಷ ಎಲ್ಲ ಬದಲಾದವು. ಬದಲಾಗದೆ ಉಳಿದದ್ದು ಒಂದೇ: ಒಂದು ಗುಂಡು, ಒಂದು ಸಾವು.

128 ಕೆಬಿಯ ಒಳಗೊಂದು ಕಾಡು

ನಾವು ಆಡಿದ ಕಾಂಟ್ರಾ ಆರ್ಕೇಡಿನದ್ದಲ್ಲ, ಮನೆಯ ಆಟ. ನಿಂಟೆಂಡೊ ಕಂಪನಿಯ ‘ಫ್ಯಾಮಿಕಾಮ್’ ಎಂಬ ಪೆಟ್ಟಿಗೆ ಜಪಾನಿನಲ್ಲಿ 1983ರ ಜುಲೈ 15ರಂದು ಮಾರಾಟಕ್ಕೆ ಬಂದಿತ್ತು. ಅಮೆರಿಕದಲ್ಲಿ ಅದರ ಹೆಸರು ‘ಎನ್‌ಇಎಸ್’. 1988ರ ಫೆಬ್ರವರಿಯಲ್ಲಿ ಕಾಂಟ್ರಾ ಈ ಪೆಟ್ಟಿಗೆಗೆ ಬಂತು.

ಆರ್ಕೇಡ್ ಯಂತ್ರದ ಶಕ್ತಿ ಮನೆಯ ಪೆಟ್ಟಿಗೆಗೆ ಇರಲಿಲ್ಲ. ಹಾಗಾಗಿ ಆಟವನ್ನು ಹೊಸದಾಗಿಯೇ ಕಟ್ಟಿದರು. ಎತ್ತರದ ಪರದೆ ಹೋಗಿ ಟಿವಿಯ ಅಡ್ಡ ಪರದೆಗೆ ಹೊಂದುವ ಎಂಟು ಹಂತ ಬಂದವು. ಆಟ ಗೆದ್ದವರಿಗೆ ಕೊನೆಯಲ್ಲಿ ಮಾಡಿದವರ ಹೆಸರುಗಳು ಕಾಣಿಸುತ್ತವೆ. ನಿರ್ದೇಶಕನ ಜಾಗದಲ್ಲಿ ಇರುವುದು ‘ಉಮೆಚಾನ್’ ಎಂಬ ಅಡ್ಡಹೆಸರು. ಕೋಟ್ಯಂತರ ಸಲ ಆಡಿದ ಆಟದ ಕೊನೆಯಲ್ಲಿ ಅದನ್ನು ಮಾಡಿದವನು ಪೂರ್ತಿ ಹೆಸರು ಕೂಡ ಹಾಕಿಕೊಂಡಿಲ್ಲ!

ಅಮೆರಿಕಕ್ಕೆ ಹೋದ ಕಾಂಟ್ರಾದ ಒಟ್ಟು ಗಾತ್ರ 128 ಕೆಬಿ. ಕಾಡು, ಕೋಟೆ, ಜಲಪಾತ, ಹಿಮ, ಸಂಗೀತ, ಗುಂಡಿನ ಸದ್ದು ಎಲ್ಲ ಸೇರಿ ಇಷ್ಟೇ. ಬೆಳಿಗ್ಗೆ ನಿಮ್ಮ ವಾಟ್ಸ್‌ಆ್ಯಪ್‌ಗೆ ಬರುವ ಒಂದು ಶುಭೋದಯದ ಫೋಟೊ ಹೆಚ್ಚುಕಡಿಮೆ ಅಷ್ಟಿರುತ್ತದೆ. ಇಷ್ಟರಲ್ಲಿ ಹೇಗೆ ತುಂಬಿಸಿದರು? ಚಿತ್ರವನ್ನು ಪುಟ್ಟ ಪುಟ್ಟ ಚೌಕಗಳಾಗಿ ಒಡೆದು, ಅವನ್ನೇ ಮತ್ತೆ ಮತ್ತೆ ಜೋಡಿಸಿದರು. ಚಾಪೆ ಹೆಣೆಯುವವರು ಒಂದೇ ನಮೂನೆಯನ್ನು ಮರುಕಳಿಸಿದ ಹಾಗೆ. ಮೊದಲ ಹಂತದ ಮರಗಳನ್ನು ಗಮನಿಸಿ ನೋಡಿದರೆ ಅದದೇ ಎಲೆ ಗೊತ್ತಾಗುತ್ತದೆ.

ಪೆಟ್ಟಿಗೆಯ ಮಿತಿ ಆಡುವವನನ್ನೂ ತಟ್ಟಿತು. ಪರದೆಯ ಒಂದು ಅಡ್ಡಗೆರೆಯಲ್ಲಿ ಚಲಿಸುವ ಚಿತ್ರಚೂರುಗಳು ಎಂಟಕ್ಕಿಂತ ಹೆಚ್ಚು ಕಾಣುವಂತಿರಲಿಲ್ಲ. ಗುಂಡು, ಸಿಪಾಯಿ, ಗೆಳೆಯ ಎಲ್ಲರೂ ಒಂದೇ ಸಾಲಿಗೆ ಬಂದಾಗ ಚಿತ್ರಗಳು ಮಿಣಮಿಣ ಎನ್ನುತ್ತಿದ್ದುದು ಇದಕ್ಕೇ. ಟಿವಿ ಕೆಟ್ಟಿದೆ ಎಂದು ತಲೆಗೆ ತಟ್ಟಿದವರು ಎಷ್ಟು ಮಂದಿಯೋ. ತಪ್ಪು ಟಿವಿಯದ್ದಾಗಿರಲಿಲ್ಲ.

ಇನ್ನೊಂದು ಮಾತು. ಬಲ್ಲವರು ಈ ಆಟವನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ನಿಜಕ್ಕೂ ಇದು ಚಿಕ್ಕ ಆಟ. ಆ ಅರ್ಧ ಗಂಟೆಯನ್ನು ಎಷ್ಟೋ ರಜೆಗಳ ಉದ್ದಕ್ಕೆ ಎಳೆದದ್ದು ಅದರ ಕಷ್ಟ.

ಸಾವು ಕಲಿಸುವ ಪಾಠ

ಕಾಂಟ್ರಾ ಕಷ್ಟ ನಿಜ, ಆದರೆ ಲಾಟರಿಯಲ್ಲ. ಓಡಿಬರುವ ಸಿಪಾಯಿಗಳನ್ನು ಬಿಟ್ಟರೆ ಅಲ್ಲಿನ ಅಪಾಯಗಳು ಬಹುಪಾಲು ಅದೇ ಜಾಗದಲ್ಲಿರುತ್ತವೆ. ಯಾವ ಬಂಡೆಯ ಪಕ್ಕ ಫಿರಂಗಿ ಏಳುತ್ತದೆ, ಯಾವ ಸೇತುವೆ ಕಾಲ ಕೆಳಗೇ ಸಿಡಿಯುತ್ತದೆ ಎಂಬುದು ನಿನ್ನೆಯಂತೆ ಇವತ್ತೂ ಇರುತ್ತದೆ. ಮೊದಲ ಸಲ ಸಾಯುವುದು ಗೊತ್ತಿಲ್ಲದೆ. ಎರಡನೆಯ ಸಲ ಸಾಯುವುದು ಮರೆತು. ಮೂರನೆಯ ಸಲ ಬೆರಳೇ ನೆನಪಿಟ್ಟುಕೊಳ್ಳುತ್ತದೆ.

ದೇಹವನ್ನು ಬಳಸುವುದೂ ಒಂದು ವಿದ್ಯೆ. ನೆಲಕ್ಕೆ ಮಲಗಿದರೆ ಎಷ್ಟೋ ಗುಂಡು ತಲೆಯ ಮೇಲೆ ಹೋಗುತ್ತವೆ. ಜಿಗಿದಾಗ ಸಿಪಾಯಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಗುಂಡಿಗೆ ಸಿಗುವ ಜಾಗ ಕಡಿಮೆ. ಮೊದಲ ಹಂತದ ನೀರಿನಲ್ಲಿ ಕೆಳಗಿನ ಬಾಣ ಒತ್ತಿದರೆ ಮುಳುಗಬಹುದು. ಗುಂಡು ತಾಗದು, ಆದರೆ ನೀವೂ ಹೊಡೆಯಲಾರಿರಿ.

ಮತ್ತೆ ಆ ಅಕ್ಷರಗಳು. ಹಾರಿಬರುವ ಡಬ್ಬಿ ಒಡೆದರೆ ರೆಕ್ಕೆ ಬಿಚ್ಚಿದ ಗಿಡುಗದ ಗುರುತು ಬೀಳುತ್ತದೆ, ಅದರ ಮೇಲೊಂದು ಇಂಗ್ಲಿಷ್ ಅಕ್ಷರ. ‘ಎಂ’ ಎಂದರೆ ಗುಂಡಿ ಒತ್ತಿ ಹಿಡಿದರೆ ಸುರಿಯುವ ಮಷಿನ್ ಗನ್. ‘ಆರ್’ ಗುಂಡಿನ ವೇಗ ಹೆಚ್ಚಿಸುತ್ತದೆ. ‘ಎಲ್’ ಲೇಸರ್. ಅದಕ್ಕೆ ಜೋರು ಉಂಟು, ಆದರೆ ಆತುರದಿಂದ ಮತ್ತೆ ಒತ್ತಿದರೆ ಹೋಗುತ್ತಿದ್ದ ಕಿರಣ ಅಲ್ಲೇ ಕಡಿಯುತ್ತದೆ. ‘ಎಫ್’ ಸುರುಳಿ ಸುತ್ತುವ ಬೆಂಕಿ. ಎಲ್ಲಕ್ಕಿಂತ ಮೇಲಿನದು ‘ಎಸ್’. ಬೀಸಣಿಗೆಯಂತೆ ಐದು ಗುಂಡು ಒಟ್ಟಿಗೆ ಹರಡುತ್ತವೆ. ಇಂಗ್ಲಿಷ್ ಪುಸ್ತಕ ಬಿಡಿಸದ ಹುಡುಗರೂ ಈ ಐದು ಅಕ್ಷರ ಕಲಿತಿದ್ದರು.

ಒಂದೇ ಆಯುಧ ಇಟ್ಟುಕೊಳ್ಳಬಹುದು. ‘ಎಸ್’ ಹಿಡಿದವನು ಮೈಮರೆತು ‘ಎಫ್’ ಮೇಲೆ ಕಾಲಿಟ್ಟರೆ ‘ಎಸ್’ ಹೋಯಿತು. ಸತ್ತರಂತೂ ಸಾಮಾನ್ಯ ಬಂದೂಕಿಗೇ ವಾಪಸ್. ಕಾಂಟ್ರಾದ ನಿಜವಾದ ಕ್ರೌರ್ಯ ಇಲ್ಲಿದೆ. ಒಂದು ಸಾವು ಮುಂದಿನ ಸಾವನ್ನು ಹತ್ತಿರ ತರುತ್ತದೆ. ಒಮ್ಮೆ ಬೆಳೆ ಹೋದ ರೈತನಿಗೆ ಮುಂದಿನ ಬಿತ್ತನೆ ಎಷ್ಟು ಕಷ್ಟವೋ ಹಾಗೆ. ಆ ಹೊತ್ತಿನಲ್ಲಿ ಗಾಬರಿಯಾದವನು ಉಳಿದ ಲೈಫನ್ನೂ ಕಳೆಯುತ್ತಾನೆ. ತಡೆದು ನಿಂತು, ಮುಂದಿನ ಡಬ್ಬಿ ಬರುವ ತನಕ ಸಾದಾ ಬಂದೂಕಿನಲ್ಲೇ ಬದುಕಿಕೊಂಡವನು ದಾಟುತ್ತಾನೆ.

ಇಬ್ಬರು ಆಡುವಾಗ ಪಾಠ ಇನ್ನೊಂದು ಬಗೆ. ಮೂರನೆಯ ಹಂತದ ಜಲಪಾತದಲ್ಲಿ ದಾರಿ ಮೇಲಕ್ಕೆ. ಬಂಡೆಯಿಂದ ಬಂಡೆಗೆ ಜಿಗಿಯುತ್ತ ಹತ್ತಬೇಕು. ಮುಂದಿನವನು ಮೇಲೆ ಹೋದಂತೆ ಪರದೆಯೂ ಮೇಲೆ ಸರಿಯುತ್ತದೆ, ಕೆಳಗಿನ ಬಂಡೆಗಳು ಮರೆಯಾಗುತ್ತವೆ. ಹಿಂದೆ ಉಳಿದವನ ಕಾಲ ಕೆಳಗೆ ನೆಲವೇ ಇಲ್ಲ. ಅವನು ಸತ್ತ. ಕಾಂಟ್ರಾದಲ್ಲಿ ಗೆಳೆಯನ ಗುಂಡು ಗೆಳೆಯನಿಗೆ ತಾಗುವುದಿಲ್ಲ, ಆದರೆ ಗೆಳೆಯನ ಆತುರ ತಾಗುತ್ತದೆ. ಈ ಹಂತದಲ್ಲಿ ಎಷ್ಟು ಜಗಳ ಹುಟ್ಟಿವೆಯೋ ಲೆಕ್ಕವಿಲ್ಲ. ‘ತಾಳೋ, ನಾನು ಬರ್ತೀನಿ’ ಎಂದು ಕೂಗಿ, ಮೇಲಿನವನು ನಿಂತು, ಕೆಳಗಿನವನು ಜಿಗಿದ ಮೇಲೆಯೇ ಮುಂದಿನ ಬಂಡೆ. ಹಾಗೆ ಕಲಿತ ಜೋಡಿಗಳು ಮಾತ್ರ ನಾಲ್ಕನೆಯ ಹಂತ ಕಂಡವು.

ಆಮೇಲಿನ ಹಿಮದ ಬಯಲು, ಬೆಂಕಿ ಉಗುಳುವ ಕೊಳವೆಗಳು, ಉಕ್ಕಿನ ಮೊಳೆಗೋಡೆಗಳು, ಕೊನೆಯಲ್ಲಿ ಮಿಡಿಯುವ ರಾಕ್ಷಸ ಹೃದಯ ಇವನ್ನೆಲ್ಲ ಸ್ವಂತ ಬಲದಿಂದ ನೋಡಿದವರು ಊರಿಗೊಬ್ಬರೋ ಇಬ್ಬರೋ. ಉಳಿದವರು ನೋಡಿದ್ದು ಒಂದು ಗುಟ್ಟಿನ ಬಲದಿಂದ.

ಮೂವತ್ತು ಲೈಫಿನ ಗುಟ್ಟು

ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಆಟ ಶುರುವಾಗುವ ಮೊದಲು, ಹೆಸರು ಕಾಣುವ ಪರದೆಯಲ್ಲಿ ಇಷ್ಟು ಒತ್ತಿ ಸ್ಟಾರ್ಟ್ ಒತ್ತಿದರೆ ಮೂರರ ಬದಲು ಮೂವತ್ತು ಲೈಫ್.

ಈ ಮಂತ್ರ ಕಟ್ಟಿದವರು ಕೊನಾಮಿಯ ಕಜುಹಿಸಾ ಹಾಶಿಮೊಟೊ. ಅದು ಮೊದಲು ಬಂದದ್ದು ಕಾಂಟ್ರಾದಲ್ಲಲ್ಲ, 1986ರಲ್ಲಿ ‘ಗ್ರಾಡಿಯಸ್’ ಎಂಬ ಆಕಾಶಯುದ್ಧದ ಆಟ ಫ್ಯಾಮಿಕಾಮ್‌ಗೆ ಬಂದಾಗ. ಆಟವನ್ನು ಮನೆಯ ಪೆಟ್ಟಿಗೆಗೆ ಇಳಿಸುವ ಹೊಣೆ ಹಾಶಿಮೊಟೊ ಅವರದ್ದು. ಇಳಿಸಿದ ಮೇಲೆ ಆಡಿ ಪರೀಕ್ಷಿಸಬೇಕಲ್ಲ? ಆಟ ಅವರಿಗೇ ಕಷ್ಟವಾಯಿತು. ಬೆರಳಿಗೆ ಸುಲಭವಾಗಿ ನೆನಪಿರುವ ಒಂದು ಸಾಲು ಜೋಡಿಸಿ, ಅದನ್ನು ಒತ್ತಿದರೆ ಎಲ್ಲ ಶಕ್ತಿಯೂ ಸಿಗುವಂತೆ ಮಾಡಿಕೊಂಡರು. ಆ ಸಾಲು ಮಾರಾಟಕ್ಕೆ ಹೋದ ಆಟದಲ್ಲೂ ಉಳಿದುಬಿಟ್ಟಿತು. ಎರಡು ವರ್ಷದ ನಂತರ ಕಾಂಟ್ರಾಕ್ಕೂ ಬಂತು. ಜಗತ್ತಿಗೆ ಗೊತ್ತಾದದ್ದು ಕಾಂಟ್ರಾದಿಂದಲೇ. ಹಾಶಿಮೊಟೊ 2020ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳು ಈ ಸಾಲನ್ನು ಬರೆದೇ ಅವರನ್ನು ನೆನೆದವು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆರ್ಕೇಡಿನಲ್ಲಿ ಇಂಥ ಮಂತ್ರ ಸಿಕ್ಕಿದ್ದರೆ ಪೆಟ್ಟಿಗೆಯವನಿಗೆ ನಷ್ಟ. ಮನೆಯಲ್ಲಿ ಅದು ಯಾರ ಜೇಬನ್ನೂ ಮುಟ್ಟುವುದಿಲ್ಲ. ಕ್ಯಾಸೆಟ್ ಕೊಂಡ ಮೇಲೆ ನಾಣ್ಯದ ಲೆಕ್ಕ ಮುಗಿಯಿತು. ಹಾಗಿದ್ದೂ ಮನೆಯ ಆಟ ಕಷ್ಟವಾಗೇ ಉಳಿಯಿತು. ಗಾತ್ರ ಚಿಕ್ಕದು ಎಂಬುದು ಒಂದು ಕಾರಣ. ಇನ್ನೊಂದು ಲೆಕ್ಕವೂ ಇತ್ತು. ಅಮೆರಿಕದಲ್ಲಿ ಸಿನಿಮಾ ಕ್ಯಾಸೆಟ್ಟಿನ ಹಾಗೆ ಆಟವನ್ನೂ ಬಾಡಿಗೆಗೆ ಕೊಡುತ್ತಿದ್ದರು, ಜಪಾನಿನಲ್ಲಿ ಕೊಡುತ್ತಿರಲಿಲ್ಲ. ಬಾಡಿಗೆಗೆ ತಂದವನು ಎರಡು ದಿನದಲ್ಲಿ ಮುಗಿಸಿಬಿಟ್ಟರೆ ಕೊಳ್ಳುವವರು ಯಾರು? 1994ರ ‘ಕಾಂಟ್ರಾ: ಹಾರ್ಡ್ ಕೋರ್’ನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಜಪಾನಿನ ಆಟಗಾರನಿಗೆ ಒಂದು ಲೈಫಿನಲ್ಲಿ ಮೂರು ಏಟು ತಡೆಯುವ ಅವಕಾಶವಿತ್ತು. ಅದೇ ಆಟ ಅಮೆರಿಕದಲ್ಲಿ ಒಂದೇ ಏಟಿಗೆ ಸಾವು. ಒಂದೇ ಕಂಪನಿ, ಒಂದೇ ಆಟ. ಕಷ್ಟ ಎಷ್ಟಿರಬೇಕೆಂದು ಅಳೆಯುವ ತಕ್ಕಡಿಯಲ್ಲಿ ವ್ಯಾಪಾರದ ಬಟ್ಟೂ ಇರುತ್ತದೆ.

ನಮ್ಮೂರಿಗೆ ಬಂದ ಹಳದಿ ಕ್ಯಾಸೆಟ್

ನಮ್ಮ ಊರುಗಳಿಗೆ ಬಂದದ್ದು ನಿಂಟೆಂಡೊದ ಅಸಲಿ ಪೆಟ್ಟಿಗೆಯಲ್ಲ, ಅದರ ನಕಲು. ಫ್ಯಾಮಿಕಾಮಿನ ಒಳಗಿನ ಚಿಪ್‌ಗಳನ್ನು ತೈವಾನಿನ ಕಂಪನಿಗಳು ನಕಲು ಮಾಡಿದವು. ಬರಬರುತ್ತ ಇಡೀ ಯಂತ್ರವೇ ಒಂದು ಚಿಪ್‌ನೊಳಗೆ ಕೂತಿತು. ಪ್ಲಾಸ್ಟಿಕ್ ಕವಚ ಹಾಕಿದರೆ ಅಗ್ಗದ ವಿಡಿಯೊ ಗೇಮ್ ತಯಾರು. ಚೀನಾದಲ್ಲಿ ತಯಾರಾದ ಇಂಥ ಪೆಟ್ಟಿಗೆಗಳು ಭಾರತ, ರಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ ಎಲ್ಲ ಕಡೆ ಹರಡಿದವು. ಪಟ್ಟಣದ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಬಂದು, ಅಲ್ಲಿಂದ ಊರಿನ ಟಿವಿ ಇದ್ದ ಮನೆಗೆ ಬಂದವು.

ಜೊತೆಗೆ ಬಂದದ್ದು ‘9999 ಇನ್ 1’ ಎಂಬ ಕ್ಯಾಸೆಟ್. ಒಳಗೆ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು. ಅವನ್ನೇ ಬೇರೆ ಬೇರೆ ನಂಬರಿನಲ್ಲಿ, ಬೇರೆ ಬೇರೆ ಹಂತದಿಂದ ಶುರುವಾಗುವಂತೆ ಪಟ್ಟಿ ಮಾಡಿರುತ್ತಿದ್ದರು. ಕೆಲವು ಕ್ಯಾಸೆಟ್‌ಗಳಲ್ಲಿ ಕಾಂಟ್ರಾದ ಹೊಸ ಹೊಸ ನಮೂನೆಗಳೇ ಇರುತ್ತಿದ್ದವು: ಮೊದಲೇ ‘ಎಸ್’ ಗನ್ ಕೈಯಲ್ಲಿ, ಮೊದಲೇ ಹೆಚ್ಚು ಲೈಫ್. 128 ಕೆಬಿಯ ಸರಳ ಆಟವಾದ್ದರಿಂದ ಅದನ್ನು ತುರುಕುವುದು ಸುಲಭವಾಗಿತ್ತು. ಅಸಲಿಗೆ ಬೆವರು ಸುರಿಸಿದವರಿಗೆ ಈ ಕ್ಯಾಸೆಟ್ಟುಗಳಿಂದ ಬಿಡಿಗಾಸೂ ಹೋಗಲಿಲ್ಲ ಎಂಬುದನ್ನೂ ಹೇಳಲೇಬೇಕು. ಆದರೆ ಈ ನಕಲು ಇಲ್ಲದಿದ್ದರೆ ನಮ್ಮ ಹಳ್ಳಿಗೆ ಕಾಂಟ್ರಾ ಬರುತ್ತಲೂ ಇರಲಿಲ್ಲ.

ನಮ್ಮಲ್ಲಿ ಆ ಆಟಕ್ಕೆ ಕೊನಾಮಿ ಊಹಿಸದ ಇನ್ನೊಂದು ಕಷ್ಟ ಸೇರಿಕೊಂಡಿತು: ಕರೆಂಟು. ಕಾಂಟ್ರಾದಲ್ಲಿ ಆಟವನ್ನು ಉಳಿಸಿಡುವ ವ್ಯವಸ್ಥೆ ಇಲ್ಲ, ಮುಂದಿನ ಹಂತಕ್ಕೆ ಹೋಗುವ ಪಾಸ್‌ವರ್ಡೂ ಇಲ್ಲ. ಏಳನೆಯ ಹಂತದಲ್ಲಿ ಲೈನ್ ತೆಗೆದರೆ ಮತ್ತೆ ಮೊದಲ ಕಾಡಿನಿಂದ ಓಟ.

ಪೆಟ್ಟಿಗೆಯ ಜೊತೆ ಹೇಳಿಕೊಡುವ ಪುಸ್ತಕ ಇರುತ್ತಿರಲಿಲ್ಲ. ಇದ್ದರೂ ಓದಲು ಬರುವ ಭಾಷೆಯಲ್ಲಿ ಇರುತ್ತಿರಲಿಲ್ಲ. ಬಿಲ್, ಲ್ಯಾನ್ಸ್, ಗಲೂಗಾ ಯಾವುದೂ ನಮಗೆ ಗೊತ್ತಿರಲಿಲ್ಲ. ಆದರೂ ಆಟ ಬಂತು. ದೊಡ್ಡಮ್ಮನ ಮಗ ರಜೆಗೆ ಬಂದಾಗ ಒಂದು ಉಪಾಯ ಬಿಟ್ಟು ಹೋಗುತ್ತಿದ್ದ, ಪಕ್ಕದ ಊರಿನವನು ಇನ್ನೊಂದು ತರುತ್ತಿದ್ದ. ಗಾದೆ ಕಲಿತಂತೆ, ಕೋಲಾಟದ ಹೆಜ್ಜೆ ಕಲಿತಂತೆ ಕಾಂಟ್ರಾವನ್ನು ನಮ್ಮ ಹುಡುಗರು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಕಲಿತರು. ಎರಡೇ ರಿಮೋಟು, ಸುತ್ತ ಹತ್ತು ಮಂದಿ. ಆಡುವವರಷ್ಟೇ ನೋಡುವವರೂ ಕಲಿಯುತ್ತಿದ್ದರು. ಒಬ್ಬ ಸತ್ತರೆ ಸರದಿ ಬದಲಾಗುತ್ತಿತ್ತು. ಸಾವು ಬೇಗ ಬರುತ್ತಿದ್ದುದರಿಂದ ಎಲ್ಲರಿಗೂ ಸರದಿ ಸಿಗುತ್ತಿತ್ತು! ನಾಣ್ಯಕ್ಕಾಗಿ ಹುಟ್ಟಿದ ಕಷ್ಟ ನಮ್ಮ ಪಡಸಾಲೆಗಳಲ್ಲಿ ಹಂಚಿಕೊಳ್ಳುವ ನಿಯಮವಾಯಿತು.

ಕಲಿಸುವ ಕಷ್ಟ, ಕೀಳುವ ಕಷ್ಟ

ಕಾಂಟ್ರಾ ಈಗಲೂ ಸಿಗುತ್ತದೆ. 2019ರಲ್ಲಿ ಕೊನಾಮಿ ಹಳೆಯ ಹಲವು ಆಟಗಳನ್ನು ಸೇರಿಸಿ ‘ಆ್ಯನಿವರ್ಸರಿ ಕಲೆಕ್ಷನ್’ ತಂದಿತು. 2024ರಲ್ಲಿ ‘ಆಪರೇಷನ್ ಗಲೂಗಾ’ ಎಂಬ ಹೊಸ ರೂಪವೂ ಬಂತು. ಹೊಸದರಲ್ಲಿ ಸುಲಭದ ಆಯ್ಕೆ ಬೇಕಿದ್ದರೆ ಉಂಟು.

ಆದರೆ ಇವತ್ತು ನಮ್ಮ ಮಕ್ಕಳ ಕೈಯಲ್ಲಿರುವುದು ಫೋನಿನ ಆಟ. ಅದಕ್ಕೆ ನಾಣ್ಯದ ಸೀಳು ಕಾಣುವುದಿಲ್ಲ, ಫ್ರೀ ಎಂದು ಬರೆದಿರುತ್ತದೆ. ಸತ್ತ ಕೂಡಲೇ ಪರದೆಯ ಮೇಲೆ ಎರಡು ಗುಂಡಿ ಏಳುತ್ತವೆ: ಜಾಹೀರಾತು ನೋಡಿ ಬದುಕು, ಇಲ್ಲವೇ ಹಣ ಕೊಟ್ಟು ಬದುಕು. ಒಳ್ಳೆಯ ಬಂದೂಕು ಬೇಕೆ? ದುಡ್ಡು ಹಾಕು. ಬೇಗ ಮುಂದೆ ಹೋಗಬೇಕೆ? ದುಡ್ಡು ಹಾಕು, ಇಲ್ಲ ನಾಳೆ ತನಕ ಕಾಯಿ. ಇಲ್ಲೂ ಕಷ್ಟವಿದೆ, ಇಲ್ಲೂ ವ್ಯಾಪಾರವಿದೆ. ವ್ಯತ್ಯಾಸ ಏನು?

1987ರ ಆ ಪೆಟ್ಟಿಗೆಯೂ ಹುಡುಗನ ಜೇಬಿನ ಮೇಲೇ ಕಣ್ಣಿಟ್ಟಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಪ್ರತಿ ಸಾವಿಗೆ ಪ್ರತಿಯಾಗಿ ಒಂದು ಪಾಠ ಕೊಡುತ್ತಿತ್ತು. ಕಲಿತಷ್ಟೂ ನಾಣ್ಯ ಉಳಿಯುತ್ತಿತ್ತು. ಚೆನ್ನಾಗಿ ಆಡುವವನು ಕಡಿಮೆ ಖರ್ಚು ಮಾಡುತ್ತಿದ್ದ. ಹಣದಿಂದ ಕೊಳ್ಳಲಾಗದ್ದು ಅಲ್ಲಿ ಒಂದಿತ್ತು, ಅದು ಬೆರಳಿನ ನೆನಪು. ಇಂದಿನ ಎಷ್ಟೋ ಆಟಗಳಲ್ಲಿ ಲೆಕ್ಕ ತಿರುಗಿದೆ. ಎಷ್ಟು ಕಲಿತರೂ ಒಂದು ಗೋಡೆ ಬರುತ್ತದೆ, ಅದನ್ನು ದಾಟಿಸುವುದು ಕೌಶಲವಲ್ಲ, ಯುಪಿಐ ಪಿನ್.

ಮನೆಯಲ್ಲಿ ಮಕ್ಕಳು ಆಡುವುದನ್ನು ಕಂಡು ‘ಬಿಡು ಆ ಫೋನ್’ ಎಂದು ಗದರುವ ಮೊದಲು ಐದು ನಿಮಿಷ ಪಕ್ಕದಲ್ಲಿ ಕೂತು ನೋಡಿ. ಸೋತಾಗ ಆ ಆಟ ಏನು ಕೇಳುತ್ತದೆ? ‘ಮತ್ತೆ ಪ್ರಯತ್ನಿಸು’ ಎಂದರೆ ಆಡಲಿ, ಹೊತ್ತಿಗೊಂದು ಮಿತಿ ಇರಲಿ. ‘ದುಡ್ಡು ಹಾಕು’ ಎಂದರೆ ಅದು ಆಟವಲ್ಲ, ಅಂಗಡಿ.

ಸಾಧ್ಯವಾದರೆ ಇಬ್ಬರು ಆಡುವ ಆಟವೊಂದನ್ನು ಹುಡುಕಿ ಕೊಡಿ. ಒಬ್ಬನೇ ಮೂಲೆಯಲ್ಲಿ ಕೂತು ಗೆಲ್ಲುವುದಕ್ಕೂ, ಜಲಪಾತದ ನಡುವೆ ಬಂಡೆಯ ಮೇಲೆ ನಿಂತು ಕೆಳಗಿನವನು ಹತ್ತುವ ತನಕ ಕಾಯುವುದಕ್ಕೂ ವ್ಯತ್ಯಾಸವಿದೆ. ಕಾಂಟ್ರಾ ಕಲಿಸಿದ್ದರಲ್ಲಿ ಮುಖ್ಯವಾದದ್ದು ಅದೇ.